ಹಳೆಯ 500 ಬೋರ್ ಜೋಡುನಳಿಗೆ ರೈಫಲ್‌ಗೆ ತೋಟಾ ಎಲ್ಲಿ ಸಿಗಬಹುದು?

ಪ್ರಶ್ನೆ
ಬರೆದವರು: ಬಂಗಾರಪೇಟೆಯ ಓದುಗಿ

ಬಳಗದ ಎಲ್ಲರಿಗೂ ನಮಸ್ಕಾರ. ನಮ್ಮ ತಾತನವರು ಕೆ.ಜಿ.ಎಫ್.ನ ಚಿನ್ನದ ಗಣಿಯಲ್ಲಿ ಗುಮಾಸ್ತರಾಗಿದ್ದರು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ಕೈಗೆ ಬಂದ ಸಮಯದಲ್ಲಿ ಇಂಗ್ಲೆಂಡಿಗೆ ಹೊರಟುನಿಂತಿದ್ದ ಅಧಿಕಾರಿಯೊಬ್ಬರಿಂದ ಅವರು ಎರಡು ಕೋವಿಗಳನ್ನು ಕ್ರಯಕ್ಕೆ ಪಡೆದು, ತಮ್ಮ ಹೆಸರಿಗೆ ಪರವಾನಗಿ ಮಾಡಿಸಿಕೊಂಡಿದ್ದರು. ತಾತನವರ ನಂತರ ನಮ್ಮ ತಂದೆಯವರು ಆ ಪರವಾನಗಿಯನ್ನು ತಮ್ಮ ಹೆಸರಿಗೆ ವರ್ಗಾಯಿಸಿಕೊಂಡು, ಕಾಲಕಾಲಕ್ಕೆ ನವೀಕರಿಸುತ್ತ, ಪ್ರತಿ ಚುನಾವಣೆಯಲ್ಲೂ ಠಾಣೆಗೆ ಒಪ್ಪಿಸಿ ಮರಳಿ ತರುತ್ತ ಬಂದರು. ಅವರು ಕಳೆದ ವರ್ಷ ತೀರಿಕೊಂಡರು. ಕೋವಿಗಳು ಈಗ ನಮ್ಮ ಮನೆಯ ಬೀರುವಿನಲ್ಲಿವೆ.

ಒಂದು, ಎರಡು ನಳಿಗೆಗಳ ರೈಫಲ್. ಹೊರಗೆ ಕಾಣುವಂತೆ ಎರಡು ಕುದುರೆಗಳಿವೆ (ಹಾರಿಸುವ ಮುನ್ನ ಹಿಂದಕ್ಕೆ ಎಳೆದು ಏರಿಸುವ ಸುತ್ತಿಗೆಯಂಥ ಭಾಗಗಳು). ಪರವಾನಗಿ ಪುಸ್ತಕದಲ್ಲಿ ಇದನ್ನು ‘500 ಬೋರ್ ಡಿ.ಬಿ. ರೈಫಲ್’ ಎಂದಷ್ಟೇ ಬರೆದಿದ್ದಾರೆ (ಡಿ.ಬಿ. ಎಂದರೆ ಡಬಲ್ ಬ್ಯಾರೆಲ್, ಜೋಡುನಳಿಗೆ). ಇನ್ನೊಂದು 16 ಬೋರ್ ಜೋಡುನಳಿಗೆಯ ಚರೆಕೋವಿ. ಅದರ ನಳಿಗೆಗಳ ಮೇಲೆ ಹಾವಿನ ಪೊರೆಯಂತೆ ಸುತ್ತುಸುತ್ತಾದ ಕಂದು ಗೆರೆಗಳಿವೆ. ಇವೆರಡರ ಜೊತೆಗೆ ತಗಡಿನ ಡಬ್ಬಿಯೊಂದರಲ್ಲಿ ಹಳೆಯ ತೋಟಾಗಳಿದ್ದು, ಕೆಲವುಗಳ ತಳದಲ್ಲಿ ಕೈನಾಕ್ ಎಂಬ ಅಚ್ಚು ಓದಲು ಬರುತ್ತದೆ, ಉಳಿದವುಗಳಲ್ಲಿ ಹಸಿರು ಕಿಲುಬು ಹಿಡಿದು ಏನೂ ಕಾಣುವುದಿಲ್ಲ.

ನಮ್ಮ ಚಿಕ್ಕಪ್ಪನವರಿಗೆ ಈ ಬಾರಿಯ ಆಯುಧಪೂಜೆಯ ದಿನ ‘ದೊರೆ ತುಪಾಕಿ’ಯನ್ನು ಒಮ್ಮೆಯಾದರೂ ಹಾರಿಸಿ ನೋಡಬೇಕೆಂಬ ಆಸೆ. ಬೆಂಗಳೂರಿನ ಬಂದೂಕು ಮಳಿಗೆಯೊಂದರಲ್ಲಿ ವಿಚಾರಿಸಿದಾಗ, 500 ಎಂಬ ಸಂಖ್ಯೆ ಕೇಳಿದ ಕೂಡಲೇ ಅಲ್ಲಿನವರು ತಲೆಯಾಡಿಸಿಬಿಟ್ಟರು. ಆದ್ದರಿಂದ ತಿಳಿದವರಲ್ಲಿ ನನ್ನ ಪ್ರಶ್ನೆಗಳಿವು. ಈ ರೈಫಲ್‌ಗೆ ಹೊಸ ತೋಟಾ ಭಾರತದಲ್ಲಿ ಎಲ್ಲಾದರೂ ಸಿಗುತ್ತದೆಯೇ ಅಥವಾ ಹೊರದೇಶದಿಂದ ತರಿಸಬಹುದೇ? 16 ಬೋರಿನ ಕೋವಿಗೆ ಈಗ ಸಿಗುವ ತೋಟಾಗಳನ್ನೇ ಹಾಕಬಹುದೇ? ಡಬ್ಬಿಯಲ್ಲಿರುವ ತೋಟಾಗಳು ಇನ್ನೂ ಕೆಲಸಕ್ಕೆ ಬರುತ್ತವೆಯೇ? ತೋಟಾ ಸಿಗದ ಕೋವಿಗೂ ಪರವಾನಗಿ ಬೇಕೇ ಎಂಬ ಪ್ರಶ್ನೆ ಮನೆಯಲ್ಲಿ ಎದ್ದಿದೆ. ಅದಕ್ಕೂ ಉತ್ತರ ಸಿಕ್ಕರೆ ಉಪಕಾರವಾಗುತ್ತದೆ.

ಉತ್ತರ 1
ಬರೆದವರು: ಹಳೇಕೋವಿ, ತುಮಕೂರು

ಮೇಡಂ, ತಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರ ‘ಇಲ್ಲ’ ಎಂಬುದೇ. ಆದರೆ ಯಾಕೆ ಇಲ್ಲ ಎಂಬುದನ್ನು ವಿವರಿಸಬೇಕಾಗುತ್ತದೆ, ಏಕೆಂದರೆ ‘500 ಬೋರ್’ ಎಂದು ಹೇಳಿಕೊಂಡು ಯಾರಾದರೂ ತಮಗೆ ಒಂದು ತೋಟಾ ತಂದುಕೊಟ್ಟರೆ, ಅದು ಸಿಗದಿರುವುದಕ್ಕಿಂತ ದೊಡ್ಡ ಅನಾಹುತವಾಗಬಹುದು.

ಪರವಾನಗಿಯಲ್ಲಿ ಬರೆದಿರುವ 500 ಎಂಬುದು ನಳಿಗೆಯ ಅಗಲವನ್ನು ಅಂಗುಲದ ಸಾವಿರದ ಲೆಕ್ಕದಲ್ಲಿ ಹೇಳುತ್ತದೆ, ಅಂದರೆ ಅರ್ಧ ಅಂಗುಲ. ಆ ಅಗಲಕ್ಕೆ 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಬಂದ ತೋಟಾಗಳು ಒಂದೆರಡಲ್ಲ. ಕಪ್ಪುಮದ್ದಿನ ಕಾಲದ .500 ಬ್ಲ್ಯಾಕ್ ಪೌಡರ್ ಎಕ್ಸ್‌ಪ್ರೆಸ್ ಎಂಬುದರಲ್ಲೇ ಮೂರು ಅಂಗುಲ, ಮೂರೂಕಾಲು ಅಂಗುಲ ಎಂದು ಬೇರೆಬೇರೆ ಉದ್ದದವುಗಳಿದ್ದವು. .577ರ ತೋಟಾದ ಕುತ್ತಿಗೆಯನ್ನು ಕಿರಿದು ಮಾಡಿದ .577/500 ಎಂಬುದು ಬೇರೆ. ಇವೆಲ್ಲ ಆದ ಮೇಲೆ ಹೊಗೆಯಿಲ್ಲದ ಮದ್ದು, ಅಂದರೆ ಕಾರ್ಡೈಟ್, ಬಂದಾಗ ಅದೇ ಮೂರು ಅಂಗುಲದ ಹಿತ್ತಾಳೆ ತೋಟಾದಲ್ಲಿ ಹೊಸ ಮದ್ದನ್ನು ತುಂಬಿ, ಆನೆಯಂಥ ದೊಡ್ಡ ಪ್ರಾಣಿಗಳ ಬೇಟೆಗಾಗಿ .500 ನೈಟ್ರೋ ಎಕ್ಸ್‌ಪ್ರೆಸ್ ಮಾಡಿದರು. ಹೊರಗಿನ ಅಳತೆ ಒಂದೇ, ಒಳಗಿನ ಒತ್ತಡ ಅಜಗಜಾಂತರ. ಕಪ್ಪುಮದ್ದಿಗೆಂದು ಮಾಡಿದ ರೈಫಲ್ಲಿಗೆ ನೈಟ್ರೋ ತೋಟಾ ಸರಾಗವಾಗಿ ಕೂರುತ್ತದೆ, ಮುಚ್ಚಿಕೊಳ್ಳುತ್ತದೆ, ಕುದುರೆಯೂ ಏರುತ್ತದೆ. ಹಾರಿಸಿದಾಗ ನಳಿಗೆ ಸೀಳಬಹುದು, ಇಲ್ಲವೇ ಹಿಂಭಾಗದ ಬೀಗ ತೆರೆದುಕೊಂಡು ಹಾರಿಸಿದವರ ಮುಖಕ್ಕೇ ಬರಬಹುದು. ಹಳೆಯ ಕೋವಿಗಳ ವಿಷಯದಲ್ಲಿ ‘ತೋಟಾ ಸರಿಯಾಗಿ ಕೂತಿತು’ ಎಂಬ ಮಾತಿನಷ್ಟು ಮೋಸದ ಮಾತು ಇನ್ನೊಂದಿಲ್ಲ.

ಹೊರಗೆ ಕುದುರೆಗಳಿವೆ ಎಂದು ತಾವು ಬರೆದಿರುವುದರಿಂದ ಅದು ಕಪ್ಪುಮದ್ದಿನ ಕಾಲದ್ದೇ ಇರುವ ಸಂಭವ ಹೆಚ್ಚು. ಆದರೂ ಕುದುರೆ ನೋಡಿ ತೀರ್ಮಾನಿಸಲಾಗದು. ಕುದುರೆಯಿದ್ದ ನೈಟ್ರೋ ರೈಫಲ್‌ಗಳೂ ಬಂದಿದ್ದವು. ನಿಜವಾದ ಸಾಕ್ಷಿ ಇರುವುದು ನಳಿಗೆಗಳ ಅಡಿಭಾಗದಲ್ಲಿ, ಮುಂದಿನ ಮರದ ಹಿಡಿಯನ್ನು ಕಳಚಿ ಕೋವಿಯನ್ನು ಮುರಿದಾಗ, ಅಂದರೆ ತೋಟಾ ತುಂಬಲು ನಳಿಗೆಗಳನ್ನು ಬಗ್ಗಿಸಿ ತೆರೆದಾಗ, ಕಾಣುವ ಚಪ್ಪಟೆ ಜಾಗದಲ್ಲಿ. ಬ್ರಿಟನ್ನಿನಲ್ಲಿ ಮಾರಾಟಕ್ಕೆ ಮುನ್ನ ಪ್ರತಿ ನಳಿಗೆಯೂ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್‌ನಲ್ಲಿ ಹೆಚ್ಚುವರಿ ಮದ್ದಿನ ಪರೀಕ್ಷೆಗೆ ಒಳಗಾಗಿ, ಪಾಸಾದುದಕ್ಕೆ ಕಿರೀಟದ ಮುದ್ರೆ ಪಡೆಯುತ್ತಿತ್ತು. ಬರ್ಮಿಂಗ್‌ಹ್ಯಾಮ್‌ನ ಪ್ರೂಫ್ ಹೌಸ್ 1813ರದು, ಲಂಡನ್ನಿನದು ಅದಕ್ಕಿಂತ ಬಹಳ ಹಳೆಯದು. ‘ನೈಟ್ರೋ ಪ್ರೂಫ್’ ಎಂಬ ಪದಗಳೂ ಕಾರ್ಡೈಟ್‌ನ ತೂಕವೂ ಅಲ್ಲಿ ಇಲ್ಲದಿದ್ದರೆ ಆ ನಳಿಗೆಯನ್ನು ಕಪ್ಪುಮದ್ದಿಗೆ ಮಾತ್ರ ಪರೀಕ್ಷಿಸಿದ್ದಾರೆ ಎಂದೇ ತಿಳಿಯಬೇಕು. ನುರಿತ ಕೋವಿ ಕೆಲಸಗಾರರು ಚೇಂಬರಿನ, ಅಂದರೆ ನಳಿಗೆಯಲ್ಲಿ ತೋಟಾ ಕೂರುವ ಗೂಡಿನ, ಅಚ್ಚು ತೆಗೆದು, ಉದ್ದ ಮತ್ತು ಕುತ್ತಿಗೆಯ ಆಕಾರವನ್ನು ಅಳೆದ ನಂತರವಷ್ಟೇ ಅದರ ಪೂರ್ತಿ ಹೆಸರು ಗೊತ್ತಾಗುತ್ತದೆ.

ಇನ್ನು ಇಂಥ ತೋಟಾಗಳು ಎಲ್ಲಿ ಹೋದವು ಎಂಬ ವಿಷಯ. ನಮ್ಮ ದೇಶಕ್ಕೆ ಬರುತ್ತಿದ್ದ ದೊಡ್ಡ ಬೇಟೆ ತೋಟಾಗಳಲ್ಲಿ ಬಹುಪಾಲು ಕೈನಾಕ್ ಕಂಪನಿಯದೇ. ಅವರು 1970ರ ಸುಮಾರಿಗೆ ಈ ದೊಡ್ಡ ಅಳತೆಗಳನ್ನು ಕೈಬಿಟ್ಟರು. ಇತ್ತ ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಬೇಟೆಯೇ ನಿಂತಿತು. ಕೇಳುವವರಿಲ್ಲದ ಮೇಲೆ ಮಾಡುವವರು ಯಾರು? ಬ್ರಿಟನ್ನಿನ ಒಂದು ಕಂಪನಿ ಕೈನಾಕ್ ಹೆಸರಿನಲ್ಲೇ ಈ ತೋಟಾಗಳನ್ನು ಮತ್ತೆ ತಯಾರಿಸುತ್ತಿದೆ. ಆದರೆ ಅದನ್ನು ತಾವು ಅಂತರಜಾಲದಲ್ಲಿ ನೋಡಿ ಸಂತೋಷಪಡಬಹುದೇ ಹೊರತು, ಸಾಮಾನ್ಯ ಪರವಾನಗಿದಾರರು ಪಾರ್ಸೆಲ್‌ನಲ್ಲಿ ತರಿಸಿಕೊಳ್ಳುವಂಥದ್ದಲ್ಲ.

ಭಾರತದಲ್ಲಿ ನಾಗರಿಕರಿಗಾಗಿ ತೋಟಾ ತಯಾರಿಸುತ್ತ ಬಂದಿರುವುದು ಮುಖ್ಯವಾಗಿ ಸರ್ಕಾರಿ ಕಾರ್ಖಾನೆಗಳು. ಪುಣೆಯ ಖಡ್ಕಿಯ ಮದ್ದುಗುಂಡು ಕಾರ್ಖಾನೆ 1869ರಿಂದ ಇದೆ. 2021ರ ಅಕ್ಟೋಬರಿನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿಯನ್ನು ಏಳು ಕಂಪನಿಗಳಾಗಿ ವಿಂಗಡಿಸಿದಾಗ ಅದು ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ಗೆ ಸೇರಿತು. ಅಲ್ಲಿಂದ ಬರುವುದು 12 ಬೋರ್, .315, .32, .22 ಮುಂತಾದ, ಗಿರಾಕಿಯಿರುವ ಅಳತೆಗಳು. ಇದರಲ್ಲಿ .315ರ ಕಥೆ ಸ್ವಾರಸ್ಯವಾಗಿದೆ. ಸೇನೆಯ ತೋಟಾ ಜನರ ಕೈಗೆ ಸಿಗಬಾರದೆಂದು ಬ್ರಿಟಿಷ್ ಸರ್ಕಾರ ಹಾಕಿದ ನಿರ್ಬಂಧದಿಂದಾಗಿ, ಆಸ್ಟ್ರಿಯಾ–ಹಂಗೇರಿಯ ಹಳೆಯ 8 ಮಿ.ಮೀ. ಮ್ಯಾನ್‌ಲಿಕರ್ ತೋಟಾವನ್ನು .315 ಎಂಬ ಹೆಸರಿನಲ್ಲಿ ಇಲ್ಲಿನ ಬೇಟೆಗಾರರಿಗಾಗಿ ತಂದರು. ಅದು ಹುಟ್ಟಿದ ನಾಡಿನಲ್ಲಿ ಎಂದೋ ಮೂಲೆಗೆ ಸೇರಿದೆ, ನಮ್ಮಲ್ಲಿ ಇಂದಿಗೂ ಅಂಗಡಿಯಲ್ಲಿ ಸಿಗುತ್ತದೆ. ಇದೇ ಭಯದಿಂದ 20ನೇ ಶತಮಾನದ ಮೊದಲ ದಶಕದಲ್ಲಿ .450 ಅಳತೆಯ ರೈಫಲ್‌ಗಳ ಆಮದನ್ನೂ ಭಾರತಕ್ಕೆ ನಿಷೇಧಿಸಿದರು. ಸೇನೆಯ ಹಳೆಯ ಮಾರ್ಟಿನಿ–ಹೆನ್ರಿ ರೈಫಲ್‌ಗಳು ಬಂಡಾಯಗಾರರ ಕೈಯಲ್ಲಿದ್ದವು, ಅವುಗಳಿಗೆ .450ರ ಗುಂಡು ಒದಗಿಬಿಟ್ಟೀತು ಎಂಬ ಲೆಕ್ಕಾಚಾರ. ಕೋವಿ ತಯಾರಕರು ಸುಮ್ಮನಿರಲಿಲ್ಲ; .465, .470, .475 ಎಂದು ಕೂದಲೆಳೆಯಷ್ಟು ಬೇರೆಯಾದ ಅಳತೆಗಳನ್ನು ತಂದು ಸರ್ಕಾರದ ಕಣ್ಣೆದುರೇ ಮಾರಿದರು. ಇಂದು ನಮ್ಮ ಹಳೆಯ ಮನೆಗಳ ಬೀರುಗಳಲ್ಲಿ ಒಂದಕ್ಕೊಂದು ಹೊಂದದ ಇಷ್ಟೊಂದು ಸಂಖ್ಯೆಗಳಿರುವುದಕ್ಕೆ ಅದೂ ಒಂದು ಕಾರಣ.

ಉತ್ತರ 2
ಬರೆದವರು: ಚಿಂತಾಮಣಿ ಮಿತ್ರ

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ. ಆಯುಧ ಕಾಯ್ದೆಯ 45ನೇ ಕಲಮಿನಲ್ಲಿ ಹಳೆಯ ಮಾದರಿಯ, ಪುರಾತನ ಮೌಲ್ಯದ ಆಯುಧಗಳಿಗೆ ವಿನಾಯಿತಿ ಇದೆ. ತೋಟಾ ತಯಾರಿಕೆಯೇ ನಿಂತುಹೋದ ಕೋವಿ ಪುರಾತನವಲ್ಲದೆ ಮತ್ತೇನು? ಇಂಗ್ಲೆಂಡಿನಲ್ಲಿ ಇಂಥ ಅಳತೆಗಳ ಪಟ್ಟಿಯನ್ನೇ ಸರ್ಕಾರ ಪ್ರಕಟಿಸಿದ್ದು, ಆ ಪಟ್ಟಿಯಲ್ಲಿರುವ ಕೋವಿಗೆ ಪರವಾನಗಿ ಬೇಡ ಎನ್ನುತ್ತಾರೆ. ತೋಟಾ ಬೇಕೇ ಬೇಕೆಂದರೆ, ಹಿತ್ತಾಳೆ ಸರಳಿನಿಂದ ಲೇತ್ ಮೇಲೆ ಕಡೆದುಕೊಡುವವರು ನಮ್ಮ ಕಡೆಯ ವರ್ಕ್‌ಶಾಪುಗಳಲ್ಲಿ ಸಿಗದೇ ಇರಲಾರರು.

ಉತ್ತರ 3
ಬರೆದವರು: ಕೋಲಾರದ ವಕೀಲ

ಚಿಂತಾಮಣಿಯ ಮಿತ್ರರ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬಾರದು. ಅವರು ಉಲ್ಲೇಖಿಸಿದ ಕಲಮು ಇದೆ, ಆದರೆ ಅದನ್ನು ಅರ್ಧಕ್ಕೆ ಓದಿ ನಿಲ್ಲಿಸಿದ್ದಾರೆ. 1959ರ ಆಯುಧ ಕಾಯ್ದೆಯ 45(ಸಿ) ಹೇಳುವುದು ಹಳೆಯ ಮಾದರಿಯ ಅಥವಾ ಪುರಾತನ ಮೌಲ್ಯದ ಅಥವಾ ಕೆಟ್ಟುಹೋದ ಆಯುಧವಾಗಿದ್ದು, ದುರಸ್ತಿ ಮಾಡಿದರೂ ಮಾಡದಿದ್ದರೂ ಕೋವಿಯಾಗಿ ಬಳಸಲು ಸಾಧ್ಯವೇ ಇಲ್ಲದಂತಿದ್ದರೆ ಮಾತ್ರ ಕಾಯ್ದೆ ಅನ್ವಯಿಸುವುದಿಲ್ಲ ಎಂದು. ಈ ಕೊನೆಯ ಷರತ್ತಿನಲ್ಲೇ ಇಡೀ ವಿಷಯ ನಿಂತಿದೆ. ಮೇಡಂ ಅವರ ರೈಫಲ್‌ನ ಕುದುರೆ ಏರುತ್ತದೆ, ನಳಿಗೆ ತೆರೆದಿದೆ. ಅದಕ್ಕೆ ಇಂದು ಮಾರುಕಟ್ಟೆಯಲ್ಲಿ ತೋಟಾ ಸಿಗದು ಎಂಬುದು ಮಾರುಕಟ್ಟೆಯ ಸ್ಥಿತಿಯೇ ಹೊರತು ಆಯುಧದ ಸ್ಥಿತಿಯಲ್ಲ. ಹಾರಿಸಲು ಶಕ್ತವಾದ ಕೋವಿ, ಅದು ನೂರೈವತ್ತು ವರ್ಷ ಹಳೆಯದಾಗಿದ್ದರೂ, 3ನೇ ಕಲಮಿನಡಿ ಪರವಾನಗಿಗೆ ಒಳಪಟ್ಟ ಆಯುಧವೇ ಸರಿ.

ಇಂಗ್ಲೆಂಡಿನ ಉದಾಹರಣೆ ಇಲ್ಲಿಗೆ ಹೊಂದುವುದಿಲ್ಲ, ಅಲ್ಲಿಯೂ ಅದು ಅಷ್ಟು ಸಡಿಲವಾಗಿ ಉಳಿದಿಲ್ಲ. ಅವರ 1968ರ ಕಾಯ್ದೆಯಲ್ಲಿ ಕುತೂಹಲದ ವಸ್ತುವಾಗಿ ಅಥವಾ ಅಲಂಕಾರಕ್ಕಾಗಿ ಇಟ್ಟುಕೊಂಡ ಪುರಾತನ ಕೋವಿಗೆ ವಿನಾಯಿತಿ ಇದೆ. ಹಾರಿಸುವ ಉದ್ದೇಶ ಬಂದ ಕೂಡಲೇ ವಿನಾಯಿತಿ ಹೋಗುತ್ತದೆ. ಹಳೆಯ ರಿವಾಲ್ವರುಗಳಿಗೆ ಕಳ್ಳತನದಲ್ಲಿ ತೋಟಾ ತಯಾರಿಸಿ ಅಪರಾಧಗಳಿಗೆ ಬಳಸುವುದು ಹೆಚ್ಚಿದ್ದರಿಂದ, 2021ರ ನಿಯಮಗಳಲ್ಲಿ ಏಳು ಅಳತೆಗಳನ್ನು ಆ ಪಟ್ಟಿಯಿಂದ ಕೈಬಿಟ್ಟು, 1939ರ ಸೆಪ್ಟೆಂಬರ್ 1ಕ್ಕಿಂತ ಮೊದಲು ತಯಾರಾದವುಗಳಿಗೆ ಮಾತ್ರ ವಿನಾಯಿತಿಯನ್ನು ಸೀಮಿತಗೊಳಿಸಿದರು. ಅಮೆರಿಕದವರು 1898ರ ಗೆರೆ ಹಾಕಿಕೊಂಡಿದ್ದಾರೆ. ಆ ದೇಶಗಳಲ್ಲಿ ತೋಟಾ ಸಿಗುತ್ತದೆಯೋ ಇಲ್ಲವೋ, ಕೋವಿ ಯಾವ ವರ್ಷದ್ದು ಎಂಬುದರ ಮೇಲೆ ಕಾನೂನು ಬದಲಾಗುತ್ತದೆ. ನಮ್ಮ 45(ಸಿ)ಯಲ್ಲಿ ಅಂಥ ವರ್ಷವೂ ಇಲ್ಲ, ಅಳತೆಗಳ ಪಟ್ಟಿಯೂ ಇಲ್ಲ.

ಲೇತ್ ಮೇಲೆ ಕಡೆಯುವ ಸಲಹೆ ಇನ್ನೂ ಅಪಾಯದ್ದು. ಮದ್ದುಗುಂಡು ತಯಾರಿಸಲು 5ನೇ ಕಲಮಿನಡಿ ಪ್ರತ್ಯೇಕ ಪರವಾನಗಿ ಬೇಕು. ಕಾಯ್ದೆಯ ವ್ಯಾಖ್ಯೆಯ ಪ್ರಕಾರ ಮದ್ದುಗುಂಡಿನ ಭಾಗಗಳೂ ಅದನ್ನು ತಯಾರಿಸುವ ಯಂತ್ರೋಪಕರಣಗಳೂ ‘ಮದ್ದುಗುಂಡು’ ಎಂಬುದರಲ್ಲೇ ಸೇರುತ್ತವೆ. ಕಡೆದುಕೊಟ್ಟವನೂ ಕಡೆಸಿದವನೂ 25ನೇ ಕಲಮಿನ ಮೊಕದ್ದಮೆಯಲ್ಲಿ ಒಟ್ಟಿಗೆ ಕಟಕಟೆ ಹತ್ತಬೇಕಾಗುತ್ತದೆ. ಅಮೆರಿಕದವರು ಮನೆಯಲ್ಲೇ ತೋಟಾ ತುಂಬಿಕೊಳ್ಳುವ ವಿಡಿಯೋಗಳನ್ನು ನೋಡಿ ಇಲ್ಲಿಯೂ ಅದೇ ನಡೆಯುತ್ತದೆ ಎಂದುಕೊಳ್ಳುವವರು ಈಚೆಗೆ ಹೆಚ್ಚಾಗಿದ್ದಾರೆ.

ಈಗ ಮೇಡಂ ಅವರು ಕೇಳದಿರುವ, ಆದರೆ ಎಲ್ಲಕ್ಕಿಂತ ತುರ್ತಾದ ವಿಷಯಕ್ಕೆ ಬರುತ್ತೇನೆ. ತಂದೆಯವರ ಪರವಾನಗಿ ಅವರ ಹೆಸರಿನದು, ಅವರೊಂದಿಗೇ ಕೊನೆಗೊಂಡಿತು. ಪುಸ್ತಕದಲ್ಲಿ ಅವಧಿ ಇನ್ನೂ ಉಳಿದಿದ್ದರೂ ಮನೆಯವರು ಆ ಕೋವಿಗಳನ್ನೂ ತೋಟಾಗಳನ್ನೂ ಇಟ್ಟುಕೊಳ್ಳುವಂತಿಲ್ಲ. 21ನೇ ಕಲಮಿನ ಪ್ರಕಾರ ಅವುಗಳನ್ನು ಅನಗತ್ಯವಾಗಿ ತಡಮಾಡದೆ ಹತ್ತಿರದ ಠಾಣಾಧಿಕಾರಿಗಳ ಬಳಿ ಅಥವಾ ಪರವಾನಗಿ ಪಡೆದ ಬಂದೂಕು ವ್ಯಾಪಾರಿಯ ಬಳಿ ಠೇವಣಿ ಇಡಬೇಕು. ಠೇವಣಿ ಇಟ್ಟರೆ ಕೋವಿ ಕೈತಪ್ಪಿತು ಎಂದು ಹೆದರುವ ಅಗತ್ಯವಿಲ್ಲ. ಅದೇ ಕಲಮು ಕಾನೂನುಬದ್ಧ ವಾರಸುದಾರರಿಗೆ ಎರಡು ಹಕ್ಕುಗಳನ್ನು ಕೊಡುತ್ತದೆ: ಪರವಾನಗಿ ಪಡೆದು ಮರಳಿ ತೆಗೆದುಕೊಳ್ಳುವುದು, ಇಲ್ಲವೇ ಅರ್ಹ ವ್ಯಕ್ತಿಗೆ ಮಾರುವುದು. ಆದರೆ ನಿಯಮಗಳಲ್ಲಿ ಹೇಳಿದ ಅವಧಿ ಮೀರಿದರೆ ಮುಟ್ಟುಗೋಲಾಗಬಹುದು, ಆದ್ದರಿಂದ ಠೇವಣಿಯ ರಸೀದಿಯಲ್ಲಿ ಪ್ರತಿ ಕೋವಿಯ ಸಂಖ್ಯೆ, ತಯಾರಕರ ಹೆಸರು, ತೋಟಾಗಳ ಎಣಿಕೆ ಬರೆಸಿಕೊಳ್ಳುವುದು ಒಳ್ಳೆಯದು. ‘ಹಳೆಯ ಬಂದೂಕು–2’ ಎಂದಷ್ಟೇ ಬರೆದ ರಸೀದಿಗಳಿಂದ ಆಮೇಲೆ ಪಡುವ ಪಾಡನ್ನು ನಾನು ಕಕ್ಷಿದಾರರಲ್ಲಿ ಕಂಡಿದ್ದೇನೆ.

ಪರವಾನಗಿಯ ದಾರಿ ಹೀಗಿದೆ. 2016ರ ಆಯುಧ ನಿಯಮಗಳ 25ನೇ ನಿಯಮದಲ್ಲಿ ವಾರಸುದಾರರಿಗೆ ಪರವಾನಗಿ ನೀಡುವ ಅವಕಾಶವಿದೆ. ಪರವಾನಗಿದಾರರು ಬದುಕಿದ್ದಾಗಲೂ, 70 ವರ್ಷ ದಾಟಿದ್ದರೆ ಅಥವಾ ಕೋವಿಯನ್ನು 25 ವರ್ಷ ಹೊಂದಿದ್ದರೆ, ವಾರಸುದಾರರಿಗೆ ವರ್ಗಾಯಿಸಲು ಅದೇ ನಿಯಮ ಅವಕಾಶ ಕೊಡುತ್ತದೆ. ತಂದೆಯವರ ಕಾಲದಲ್ಲೇ ಈ ಕೆಲಸ ಮುಗಿಸಬಹುದಿತ್ತು. ಈಗ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ನಿರಾಕ್ಷೇಪಣಾ ಪತ್ರಗಳೊಂದಿಗೆ ಜಿಲ್ಲಾ ದಂಡಾಧಿಕಾರಿಗಳಿಗೆ ಅರ್ಜಿ ಹಾಕಬೇಕು, ಆಯುಧ ಸುರಕ್ಷತಾ ತರಬೇತಿಯ ಪ್ರಮಾಣಪತ್ರವೂ ಬೇಕಾಗುತ್ತದೆ. 2019ರ ತಿದ್ದುಪಡಿಯ ನಂತರ ಒಬ್ಬರ ಬಳಿ ಎರಡಕ್ಕಿಂತ ಹೆಚ್ಚು ಕೋವಿಗಳಿರುವಂತಿಲ್ಲ, ವಂಶಪಾರಂಪರ್ಯವಾಗಿ ಬಂದವುಗಳಿಗೂ ಈ ಮಿತಿ ಅನ್ವಯಿಸುತ್ತದೆ. ತಮ್ಮಲ್ಲಿ ಎರಡೇ ಇರುವುದರಿಂದ ತೊಂದರೆಯಿಲ್ಲ. ಪರವಾನಗಿ ಸಿಕ್ಕಾಗ ‘500 ಬೋರ್’ ಎಂಬ ಹಳೆಯ ಬರಹವನ್ನೇ ನಕಲು ಮಾಡಿಸದೆ, ತುಮಕೂರಿನವರು ಹೇಳಿದಂತೆ ವ್ಯಾಪಾರಿಯ ಬಳಿ ಅಳತೆ ಮಾಡಿಸಿ ಪೂರ್ತಿ ವಿವರ ಬರೆಸಿರಿ. ತೋಟಾ ಬೇಡವೆಂದಾದರೆ ಅರ್ಜಿಯಲ್ಲೇ ಅದನ್ನು ಸ್ಪಷ್ಟವಾಗಿ ತಿಳಿಸಿ, ಕುಟುಂಬದ ಸ್ಮಾರಕವಾಗಿ ಇಟ್ಟುಕೊಳ್ಳುವ ಕೋರಿಕೆ ಸಲ್ಲಿಸಬಹುದು. ಕೊಡುವುದು ಬಿಡುವುದು ಅಧಿಕಾರಿಗಳ ವಿವೇಚನೆಗೆ ಬಿಟ್ಟದ್ದು.

ಹೊರದೇಶದಲ್ಲಿ ಇಂಥ ರೈಫಲ್‌ಗೆ ಲಕ್ಷಾಂತರ ರೂಪಾಯಿ ಬೆಲೆಯಿದೆ ಎಂದು ಆಸೆ ಹುಟ್ಟಿಸುವ ದಲ್ಲಾಳಿಗಳ ಬಗ್ಗೆ ಒಂದು ಮಾತು. ನೂರು ವರ್ಷ ದಾಟಿದ ಕಲಾವಸ್ತು, ಕರಕುಶಲ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬಂದರೆ ಖಾಸಗಿಯವರು ಅವುಗಳನ್ನು ದೇಶದ ಹೊರಗೆ ಕಳಿಸುವಂತಿಲ್ಲ. ಆಯುಧದ ರಫ್ತಿಗೆ ಬೇಕಾದ ಅನುಮತಿಯ ಮಾತು ಬೇರೆಯೇ ಇದೆ.

ಬಂಗಾರಪೇಟೆಯ ಓದುಗಿ ಅವರ ಪ್ರತಿಕ್ರಿಯೆ

ಇಬ್ಬರಿಗೂ ಅನಂತ ಧನ್ಯವಾದಗಳು. ಠೇವಣಿಯ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಠಾಣೆಯವರೊಂದಿಗೆ ಫೋನಿನಲ್ಲಿ ಮಾತನಾಡಿದ್ದೇವೆ. ಕೋವಿಗಳನ್ನು ತಂದೊಪ್ಪಿಸಲು ತಿಳಿಸಿದ್ದು, ಚಿಕ್ಕಪ್ಪನವರೂ ಒಪ್ಪಿದ್ದಾರೆ. ತಂದೆಯವರು ಪರವಾನಗಿಯ ಕಾಗದಗಳೊಂದಿಗೆ ಇಟ್ಟಿದ್ದ ಒಂದು ಚೀಟಿಯಲ್ಲಿ 16 ಬೋರಿನ ನಳಿಗೆಯ ಅಡಿಯಲ್ಲಿರುವ ಬರಹಗಳನ್ನು ಬರೆದುಕೊಂಡಿದ್ದಾರೆ: ‘ನಾಟ್ ಫಾರ್ ಬಾಲ್’ ಎಂದಿದೆ, ನೈಟ್ರೋ ಎಂಬ ಪದ ಎಲ್ಲಿಯೂ ಇಲ್ಲ. ಇದರ ಅರ್ಥವೇನು? ತಗಡಿನ ಡಬ್ಬಿಯನ್ನು ಒಯ್ಯುವಾಗ ಏನಾದರೂ ಎಚ್ಚರ ವಹಿಸಬೇಕೇ?

ಉತ್ತರ 4
ಬರೆದವರು: ಶಿಡ್ಲಘಟ್ಟದ ನಿವೃತ್ತ ಆರ್ಮರರ್

ಅಮ್ಮಾ, ನಾನು ಪೊಲೀಸ್ ಇಲಾಖೆಯ ಆಯುಧಾಗಾರದಲ್ಲಿ ಕೆಲಸ ಮಾಡಿ ನಿವೃತ್ತನಾದವನು. ‘ನಾಟ್ ಫಾರ್ ಬಾಲ್’ ಎಂದರೆ ಆ ನಳಿಗೆಯ ಬಾಯಿ ಸ್ವಲ್ಪ ಕಿರಿದಾಗಿದೆ, ಚರೆ ಮಾತ್ರ ಹಾಕಬೇಕು, ಇಡೀ ಗುಂಡು ಹಾಕಬಾರದು ಎಂಬ ಸೂಚನೆ. 19ನೇ ಶತಮಾನದ ಕೊನೆಯ ಕಾಲು ಭಾಗದಲ್ಲಿ, ಬಾಯಿ ಕಿರಿದು ಮಾಡುವ ಪದ್ಧತಿ ಹೊಸದಾಗಿ ಬಂದಾಗ ಈ ಮುದ್ರೆ ಹಾಕುತ್ತಿದ್ದರು. ಹಾಗಾಗಿ ತಮ್ಮ ಕೋವಿಯ ವಯಸ್ಸೂ ಇದರಿಂದ ಸುಮಾರಾಗಿ ತಿಳಿಯುತ್ತದೆ. ತಾತನವರು ಕೊಳ್ಳುವಾಗಲೇ ಅದು ಎರಡು ಮೂರು ಕೈ ದಾಟಿ ಬಂದಿದ್ದಿರಬೇಕು.

ತಾವು ಹಾವಿನ ಪೊರೆ ಎಂದು ಬಣ್ಣಿಸಿದ್ದು ಡಮಾಸ್ಕಸ್ ನಳಿಗೆ. ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಒಟ್ಟಿಗೆ ತಿರುಚಿ, ಸರಳಿನ ಸುತ್ತ ಸುತ್ತಿ, ಕುಲುಮೆಯಲ್ಲಿ ಕಾಯಿಸಿ ಬಡಿದು ಬೆಸೆದದ್ದು. ಕೆಲಸಗಾರಿಕೆ ನೋಡಲು ಎರಡು ಕಣ್ಣು ಸಾಲದು, ಒಪ್ಪುತ್ತೇನೆ. ಆದರೆ ಅಷ್ಟು ಬೆಸುಗೆಗಳಲ್ಲಿ ಎಲ್ಲಿ ಒಳಗಿಂದ ತುಕ್ಕು ಹಿಡಿದಿದೆ ಎಂಬುದು ಹೊರಗೆ ಕಾಣದು. ಡಮಾಸ್ಕಸ್ ನಳಿಗೆಗಳಲ್ಲಿ ನೈಟ್ರೋ ಪರೀಕ್ಷೆ ಪಾಸಾದವೂ ಇವೆ. ತಮ್ಮದರಲ್ಲಿ ಆ ಮುದ್ರೆ ಇಲ್ಲದಿರುವುದರಿಂದ ಆ ಚರ್ಚೆ ಇಲ್ಲಿಗೆ ಬೇಡ, ಈಗಿನ ಹೊಗೆಯಿಲ್ಲದ ಮದ್ದಿನ ತೋಟಾವನ್ನು ಅದಕ್ಕೆ ಹಾಕಬಾರದು. ಚೇಂಬರಿನ ಉದ್ದದ ವಿಷಯ ಇನ್ನೊಂದಿದೆ. ಆ ಕಾಲದ ಬ್ರಿಟಿಷ್ ಚರೆಕೋವಿಗಳ ಚೇಂಬರು ಸಾಮಾನ್ಯವಾಗಿ ಎರಡೂವರೆ ಅಂಗುಲ, ಅಂದರೆ ಸುಮಾರು 65 ಮಿ.ಮೀ. ಈಗ ಬರುವ ತೋಟಾಗಳಲ್ಲಿ 70 ಮಿ.ಮೀ.ನವು ಹೆಚ್ಚು. ಮಡಿಚಿದ ಬಾಯಿಯಿರುವುದರಿಂದ ಅವು ಒಳಗೆ ಕೂರುತ್ತವೆ. ಹಾರಿಸಿದಾಗ ಆ ಮಡಿಕೆ ಬಿಚ್ಚಿಕೊಳ್ಳಲು ಜಾಗವಿಲ್ಲದೆ ಒತ್ತಡ ಏರುತ್ತದೆ. ಅದೂ ಅಲ್ಲದೆ ನಮ್ಮ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುವುದು 12 ಬೋರ್, 16 ಬೋರ್ ಅಪರೂಪ. ಬೋರ್ ಸಂಖ್ಯೆ ಹೆಚ್ಚಿದಷ್ಟೂ ನಳಿಗೆ ಸಣ್ಣದು ಎಂಬುದನ್ನು ಮರೆತು, 16ರಲ್ಲಿ 12ನ್ನು ತುರುಕಲು ನೋಡುವವರೂ ಇದ್ದಾರೆ. ಒಂದು ಪೌಂಡ್ ಸೀಸದಿಂದ ನಳಿಗೆಯ ಅಗಲದ ಉಂಡೆಗಳು ಎಷ್ಟು ಬರುತ್ತವೆ ಎಂಬ ಲೆಕ್ಕವದು, ಹನ್ನೆರಡು ಉಂಡೆ ಬಂದರೆ 12 ಬೋರ್, ಹದಿನಾರು ಬಂದರೆ 16.

ಡಬ್ಬಿಯ ತೋಟಾಗಳ ವಿಷಯಕ್ಕೆ ಬರೋಣ. ಹಸಿರು ಕಿಲುಬು ಇದೆ ಎಂದಿರಿ. ಹಿತ್ತಾಳೆಯನ್ನು ತಯಾರಿಸುವಾಗ ಎಳೆದು ತೆಳುಮಾಡಿರುವುದರಿಂದ ಅದರಲ್ಲಿ ಒಳಬಿಗಿತ ಉಳಿದಿರುತ್ತದೆ. ಅಮೋನಿಯಾದ ಗಾಳಿ ತಗುಲಿದರೆ ತೋಟಾದ ಕುತ್ತಿಗೆ ಯಾರೂ ಮುಟ್ಟದೆಯೇ ಬಿರುಕು ಬಿಡುತ್ತದೆ. ಇದನ್ನು ಮೊದಲು ಗಮನಿಸಿದ್ದು ಭಾರತದಲ್ಲಿದ್ದ ಬ್ರಿಟಿಷ್ ಸೇನೆಯವರೇ. ಮಳೆಗಾಲದಲ್ಲಿ ಕುದುರೆ ಲಾಯಗಳಲ್ಲಿ ಇಟ್ಟಿದ್ದ ತೋಟಾಗಳು ಒಡೆಯುತ್ತಿದ್ದವು, ಕುದುರೆಗಳ ಗಂಜಲದಿಂದ ಬರುತ್ತಿದ್ದ ಅಮೋನಿಯಾವೇ ಕಾರಣವೆಂದು 1921ರಲ್ಲಿ ವಿಜ್ಞಾನಿಗಳು ವಿವರಿಸಿದರು. ದನದ ಕೊಟ್ಟಿಗೆಯ ಪಕ್ಕದ ಕೋಣೆಯಲ್ಲಿ ಡಬ್ಬಿ ಇಟ್ಟಿದ್ದ ಹಳ್ಳಿಯ ಮನೆಗಳಿಂದ ಬಂದ ತೋಟಾಗಳಲ್ಲಿ ಇಂಥ ಉದ್ದುದ್ದ ಬಿರುಕುಗಳನ್ನು ನಾನು ಕಣ್ಣಾರೆ ನೋಡಿದ್ದೇನೆ. ಅಂಥದ್ದನ್ನು ಹಾರಿಸಿದರೆ ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಹಳೆಯ ಕೇಪು (ತೋಟಾದ ತಳದಲ್ಲಿದ್ದು ಮದ್ದಿಗೆ ಕಿಡಿ ಹಚ್ಚುವ ಭಾಗ) ತಡವಾಗಿ ಹೊತ್ತಿಕೊಳ್ಳುವುದೂ ಉಂಟು. ಹಾರಲಿಲ್ಲವೆಂದು ಕೋವಿ ಮುರಿದು ನೋಡುವ ಹೊತ್ತಿಗೆ ಹಾರಿದರೆ ಗತಿಯೇನು? ಆದ್ದರಿಂದ ಅವು ಕೆಲಸಕ್ಕೆ ಬರುತ್ತವೆಯೇ ಎಂಬ ಪ್ರಶ್ನೆಯನ್ನೇ ಬಿಟ್ಟುಬಿಡಿ.

ಒಯ್ಯುವಾಗ ಹೀಗೆ ಮಾಡಿ. ತೋಟಾಗಳನ್ನು ಉಜ್ಜಿ ಹೊಳಪು ಮಾಡಲು ಹೋಗಬೇಡಿ, ಹುಣಸೆಹಣ್ಣು ಹಚ್ಚಿ ತಿಕ್ಕುವವರಿದ್ದಾರೆ, ಅದು ಬೇಡವೇ ಬೇಡ. ಡಬ್ಬಿಯನ್ನು ಅಲುಗಿಸದೆ, ಬಿಸಿಲಿಗೆ ಇಡದೆ, ಮಕ್ಕಳ ಕೈಗೆ ಸಿಗದಂತೆ ಇಡಿ. ಬಾವಿಗೆ ಹಾಕುವುದು, ತೋಟದಲ್ಲಿ ಹೂಳುವುದು, ಗುಜರಿಗೆ ಕೊಡುವುದು ಇವೆಲ್ಲ ಬೇರೆಯವರ ಜೀವಕ್ಕೆ ಸಂಚಕಾರ. ತಾವೇ ಬಸ್ಸಿನಲ್ಲಿ ಹೊತ್ತುಕೊಂಡು ಹೋಗುವುದಕ್ಕಿಂತ, ಠಾಣೆಗೆ ಇನ್ನೊಮ್ಮೆ ಫೋನ್ ಮಾಡಿ ಕಿಲುಬು ಹಿಡಿದ ಹಳೆಯ ತೋಟಾಗಳೂ ಇವೆ ಎಂದು ತಿಳಿಸಿ, ಹೇಗೆ ತರಬೇಕೆಂದು ಅವರನ್ನೇ ಕೇಳಿ, ಅಥವಾ ಮನೆಗೇ ಬಂದು ಪಂಚನಾಮೆ ಮಾಡಿ ಒಯ್ಯುವಂತೆ ಕೋರಿಕೊಳ್ಳಿ. ಕೋವಿಗಳನ್ನು ಖಾಲಿಯಿವೆಯೆಂದು ಖಚಿತಪಡಿಸಿಕೊಂಡು, ಬಟ್ಟೆ ಸುತ್ತಿ, ತೋಟಾಗಳಿಂದ ಪ್ರತ್ಯೇಕವಾಗಿ ಕಳಿಸಿ. ಖಚಿತಪಡಿಸಿಕೊಳ್ಳುವುದು ಗೊತ್ತಿಲ್ಲದಿದ್ದರೆ ಮುಟ್ಟದೆ ಅವರಿಗೇ ಬಿಡಿ.

ಮುಂದೆ ಪರವಾನಗಿ ಸಿಕ್ಕಿ ಕೋವಿ ಮನೆಗೆ ಮರಳಿದ ಮೇಲೆ ಆಯುಧಪೂಜೆಗೆ ಇಡುವುದಾದರೆ, ಅರಿಶಿನ ಕುಂಕುಮವನ್ನು ನೀರಿನಲ್ಲಿ ಕಲಸಿ ನೇರವಾಗಿ ಲೋಹಕ್ಕೆ ಹಚ್ಚಬೇಡಿ. ಕುದುರೆಯ ಬುಡದ ಸಂದಿಗೆ ಇಳಿದ ಆ ತೇವ ಒಂದೇ ವರ್ಷದಲ್ಲಿ ಒಳಗಿನ ಸ್ಪ್ರಿಂಗನ್ನು ತಿನ್ನುತ್ತದೆ. ಮರದ ಹಿಡಿಗೆ ಒಣ ಕುಂಕುಮ ಇಟ್ಟು, ಸಂಜೆಯೇ ಒರೆಸಿ, ಲೋಹಕ್ಕೆ ತೆಳುವಾಗಿ ಕೋವಿ ಎಣ್ಣೆ ಸವರಿ. ಕೊಬ್ಬರಿ ಎಣ್ಣೆ ಅಂಟಾಗುತ್ತದೆ, ಅದನ್ನು ಹಚ್ಚಬೇಡಿ.